ಈಶಾನ್ಯ ಮೂಲೆಯ ಟೈಲ್ಸ್ ಕೋಣೆ

ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ಕಟ್ಟಡಕ್ಕೆ ಮೊದಲ ಸಲ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ, “ಎಷ್ಟು ಚೆನ್ನಾಗಿದೆ!” ಚೆನ್ನಾಗಿಯೇ ಇದೆ, ನಾನು ಇಲ್ಲ ಅನ್ನುವುದಿಲ್ಲ. ಗುಡ್ಡ ಕಡಿದು ಎತ್ತರದಲ್ಲಿ ಕಟ್ಟಿದ್ದಾರೆ. ಎರಡು ಮಹಡಿ, ಮುಂಭಾಗಕ್ಕೆ ಗಾಜು, ಕೆನೆಬಣ್ಣದ ಗೋಡೆ. ಕೊಪ್ಪದ ಕಡೆಯಿಂದ ಬರುವ ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹೊಸ ಪ್ರಯಾಣಿಕರು ಬಗ್ಗಿ ನೋಡುತ್ತಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೆಂಗಸಾಗಿ ಒಂದು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅದರೊಳಗೆ ಇದ್ದು ನೋಡಲಿ, ಆಮೇಲೆ ಹೇಳಲಿ. ಆ ಕಟ್ಟಡದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ.

ನಾನು ಬಾಳೆಹೊನ್ನೂರಿನವಳು. ಇಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ ಹನ್ನೊಂದು ವರ್ಷವಾಯಿತು. ಹನ್ನೊಂದು ವರ್ಷ ಯಾರೂ ಅತಿಥಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ವಿಶ್ವವಿದ್ಯಾಲಯ ಇಟ್ಟುಕೊಳ್ಳುತ್ತದೆ, ವರ್ಷಕ್ಕೊಮ್ಮೆ ಹೊರಗೆ ನಿಲ್ಲಿಸಿ ಮತ್ತೆ ಒಳಗೆ ಕರೆಯುತ್ತದೆ, ಅಷ್ಟೇ. ಪ್ರತಿ ಜೂನ್ ತಿಂಗಳಲ್ಲಿ ವಿಭಾಗದ ಮುಖ್ಯಸ್ಥರು “ಇವರ ಸೇವೆ ತೃಪ್ತಿಕರವಾಗಿದೆ” ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಮುಂದಿನ ವರ್ಷಕ್ಕೆ ನಾನುಂಟು, ಇಲ್ಲದಿದ್ದರೆ ಇಲ್ಲ. ಈ ಒಂದು ಸಾಲನ್ನು ನೀವು ನೆನಪಿಟ್ಟುಕೊಳ್ಳಬೇಕು. ನಾನಂತೂ ಒಂದು ದಿನವೂ ಮರೆತವಳಲ್ಲ.

ಮೊದಲು ನಮ್ಮ ವಿಭಾಗ ಗುಡ್ಡದ ಬುಡದ ಹಳೆಯ ಕಟ್ಟಡದಲ್ಲಿ ಎರಡು ಕೋಣೆಗಳಲ್ಲಿತ್ತು. ಅಲ್ಲಿ ಎಲ್ಲವೂ ಹಳತು. ಕಂಪ್ಯೂಟರುಗಳು ಬಿಸಿಯಾದರೆ ಕಿಟಕಿ ತೆಗೆದು ರಟ್ಟಿನಲ್ಲಿ ಗಾಳಿ ಹಾಕುತ್ತಿದ್ದೆವು. ಆದರೆ ಹಿಂದುಗಡೆ ತಗಡಿನ ಬಾಗಿಲಿನ ಎರಡು ಶೌಚಾಲಯಗಳಿದ್ದವು, ಒಂದಕ್ಕೆ ಒಳಗಿನಿಂದ ಚಿಲಕವೂ ಇತ್ತು. ಆಗ ಅದೊಂದು ದೊಡ್ಡ ವಿಷಯ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಹೊಸ ಕಟ್ಟಡ ಮಂಜೂರಾದಾಗ ಮುಖ್ಯಸ್ಥರು ನನ್ನನ್ನು ಕರೆದು, “ಮೇಡಂ, ಏನೇನು ಬೇಕು ಒಂದು ಪಟ್ಟಿ ಬರ್ಕೊಡಿ, ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಾಗುತ್ತೆ,” ಅಂದರು. ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ನಮ್ಮಲ್ಲಿ ಓದುವವರಲ್ಲಿ ಮುಕ್ಕಾಲುಪಾಲು ಹುಡುಗಿಯರು. ಶೃಂಗೇರಿ, ನರಸಿಂಹರಾಜಪುರ, ನೆಮ್ಮಾರ್ ಅಂತ ದೂರದೂರದಿಂದ ಬೆಳಿಗ್ಗೆ ಆರೂವರೆ ಬಸ್ಸು ಹತ್ತಿ ಬರುವವರು. ನಾನು ಲ್ಯಾಬು, ಯುಪಿಎಸ್ ಕೋಣೆ, ಪ್ಲಗ್ ಪಾಯಿಂಟು ಎಲ್ಲ ಬರೆದೆ. ಬರೆದು, ಕೊನೆಗೆ ಕೆಂಪು ಶಾಯಿಯಲ್ಲಿ “ಮಹಿಳೆಯರ ಶೌಚಾಲಯ, ಪ್ರತಿ ಮಹಡಿಗೆ ಎರಡು” ಎಂದು ಬರೆದು ಅಡಿಗೆರೆ ಎಳೆದೆ. ನಕ್ಷೆ ಬಂದಾಗ ನೋಡಿದೆ, ಪ್ರತಿ ಮಹಡಿಗೆ ಎರಡಿರಲಿಲ್ಲ; ಆದರೆ ಕೆಳಗಿನ ಮಹಡಿಯ ಈಶಾನ್ಯ ಮೂಲೆಯಲ್ಲಿ ಒಂದು ಕೋಣೆ ಇತ್ತು. ಗುಡ್ಡದ ಇಳಿಜಾರು ಆ ಕಡೆಗೇ ಇರುವುದರಿಂದ ಮಲದ ಗುಂಡಿಯೂ ಅಲ್ಲಿ, ಶೌಚಾಲಯವೂ ಅಲ್ಲಿ. ಒಂದಾದರೂ ಬಂತಲ್ಲ ಅಂತ ಖುಷಿಪಟ್ಟೆ. ನನ್ನ ಖುಷಿಗೆ ನನಗೇ ನಗು ಬರುತ್ತದೆ ಈಗ.

ಗೋಡೆ ಎದ್ದಿತು. ಆ ಕೋಣೆಗೆ ಎದೆಯೆತ್ತರಕ್ಕೆ ನೀಲಿ ಟೈಲ್ಸ್ ಕೂರಿಸಿದರು. ಪೈಪುಗಳೂ ಬಂದವು. ಇನ್ನು ಬೇಸಿನ್ನು, ಕಮೋಡು ಕೂರಿಸಬೇಕು ಅನ್ನುವಾಗ ಮುಖ್ಯಸ್ಥರು ವಾಸ್ತು ನೋಡುವವರೊಬ್ಬರನ್ನು ಕಾರಿನಲ್ಲಿ ಕರೆದುಕೊಂಡು ಬಂದರು. ಅವರು ಕೈಯಲ್ಲಿ ದಿಕ್ಸೂಚಿ ಹಿಡಿದು ಎರಡು ಸುತ್ತು ಬಂದು ನಮ್ಮ ಟೈಲ್ಸ್ ಕೋಣೆಯ ಮುಂದೆ ನಿಂತು ತಲೆ ಆಡಿಸಿದರು. ಈಶಾನ್ಯ ದೇವಮೂಲೆಯಂತೆ. ಅಲ್ಲಿ ಶೌಚಾಲಯ, ಅದರಲ್ಲೂ ಹೆಂಗಸರದ್ದು, ಇದ್ದರೆ ವಿಭಾಗ ಉದ್ಧಾರವಾಗುವುದೇ ಇಲ್ಲವಂತೆ.

ನಮ್ಮ ಮುಖ್ಯಸ್ಥರು ಮಕ್ಕಳಿಗೆ ಲಾಜಿಕ್ ಕಲಿಸುವವರು. ಇದು ನಿಜವಾದರೆ ಅದು ಸುಳ್ಳು, ಅದು ಸುಳ್ಳಾದರೆ ಇದು ಹೀಗೆ ಎಂದು ಬೋರ್ಡಿನ ತುಂಬ ಬರೆದು ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ ಮಾಡಿಕೊಳ್ಳುವವರು. ನಾನು ಕೇಳಿಯೇ ಬಿಟ್ಟೆ, “ಸರ್, ನೀವೂ ಇದನ್ನ ನಂಬ್ತೀರಾ?”

“ನಂಬೋದು ಬಿಡೋದು ಬೇರೆ ವಿಷಯ ಮೇಡಂ. ಸುಮ್ಮನೆ ರಿಸ್ಕ್ ಯಾಕೆ ತಗೋಬೇಕು?” ಅಂದರು.

ಅಲ್ಲೇ ಸಿಮೆಂಟು ಕಲಸುತ್ತಿದ್ದ ಮೇಸ್ತ್ರಿ ತಲೆಯೆತ್ತಿ, “ಎಂತ ಮಾರಾಯ್ರೆ, ನೀರು ಇಳಿಯೂದು ಈ ಕಡೆಗೇ ಅಲ್ವ? ಗುಡ್ಡಕ್ಕೆ ವಾಸ್ತು ಹೇಳಿದ್ರೆ ಕೇಳ್ತದಾ?” ಅಂದ. ಅವನ ಮಾತಿಗೆ ಯಾರೂ ನಗಲಿಲ್ಲ. ಗಂಡಸರ ಶೌಚಾಲಯ ಪಶ್ಚಿಮದಲ್ಲಿತ್ತು, ಅದಕ್ಕೆ ಯಾವ ದೋಷವೂ ಬರಲಿಲ್ಲ. ಅದರ ಪೈಪು ಮಾತ್ರ ಕಟ್ಟಡದ ಹಿಂಭಾಗವನ್ನೆಲ್ಲ ಬಳಸಿ, ಈಶಾನ್ಯದ ಗೋಡೆಯ ಪಕ್ಕದಲ್ಲೇ ಹಾದು, ಈಶಾನ್ಯದ ಗುಂಡಿಗೇ ಹೋಗಿ ಬೀಳುತ್ತದೆ. ಗೋಡೆಯ ಹೊರಗೆ ಹೋದರೆ ಪರವಾಗಿಲ್ಲವಂತೆ! ನಮ್ಮದು “ಎರಡನೇ ಹಂತದಲ್ಲಿ” ಆಗುತ್ತದೆ ಎಂದರು. ಆ ಎರಡನೇ ಹಂತವನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಟೈಲ್ಸ್ ಕೋಣೆಯ ನೆಲದ ತೂತುಗಳಿಗೆ ಸಿಮೆಂಟು ಮೆತ್ತಿದರು. ಅದರ ಮೇಲೆ ಒಂದು ಮೇಜು, ಮೇಜಿನ ಮೇಲೆ ಶಾರದೆಯ ಪಟ, ಎರಡು ದೀಪ. ಕಟ್ಟಡದ ಪ್ರಾರಂಭೋತ್ಸವದ ದಿನ ಮುಖ್ಯ ಅತಿಥಿಗಳು ಅಲ್ಲೇ ದೀಪ ಹಚ್ಚಿದರು. ಆ ದಿನ ಆರತಿ ತಟ್ಟೆ ಹಿಡಿದು ನಿಂತವಳು ನಾನೇ. ಗೋಡೆಯಿಂದ ಹೊರಗೆ ಚಾಚಿಕೊಂಡು ಬಾಯಿ ಮುಚ್ಚಿಸಿಕೊಂಡಿದ್ದ ನಲ್ಲಿಯ ಪೈಪಿಗೆ ಯಾರೋ ಚೆಂಡುಹೂವಿನ ಹಾರದ ತುದಿ ಸಿಕ್ಕಿಸಿದ್ದರು. ತಾಯಿ ಶಾರದೆಗೆ ಮಾತಾಡಲು ಬರುತ್ತಿದ್ದರೆ ಏನು ಹೇಳುತ್ತಿದ್ದಳೋ, ನನಗೆ ಗೊತ್ತಿಲ್ಲ. ಅವಳೂ ಹೆಂಗಸೇ ಅಲ್ಲವೇ?

ಆಮೇಲೆ ಶುರುವಾಯಿತು ನಮ್ಮ ಪಾಡು. ಶೌಚಕ್ಕೆ ಹೋಗಬೇಕೆಂದರೆ ಎಂಬತ್ತು ಮೆಟ್ಟಿಲು ಇಳಿದು ಹಳೆಯ ಕಟ್ಟಡಕ್ಕೆ ಹೋಗಬೇಕು, ಮತ್ತೆ ಎಂಬತ್ತು ಹತ್ತಿ ಬರಬೇಕು. ತರಗತಿಯ ನಡುವಿನ ಬಿಡುವು ಹತ್ತು ನಿಮಿಷ. ಪಶ್ಚಿಮದ ಗಂಡಸರ ಶೌಚಾಲಯಕ್ಕೆ ಹೋಗೋಣವೆಂದರೆ ಅದರ ಬಾಗಿಲು ನೇರ ಕಾರಿಡಾರಿಗೆ ತೆರೆದುಕೊಳ್ಳುತ್ತದೆ, ಹುಡುಗರು ಗುಂಪುಗುಂಪಾಗಿ ನಿಂತಿರುತ್ತಾರೆ. ಹುಡುಗಿಯರು ಯಾರಿಗೂ ದೂರು ಹೇಳಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟರು.

ನನಗೆ ಇದು ತಿಳಿದದ್ದು ಬಾಟಲಿಗಳಿಂದ. ಲ್ಯಾಬಿನೊಳಗೆ ನೀರಿನ ಬಾಟಲಿ ತರುವ ಹಾಗಿಲ್ಲ, ಚಪ್ಪಲಿ ಹಾಕಿ ಬರುವ ಹಾಗಿಲ್ಲ. ಚಪ್ಪಲಿಗಳು ಬಾಗಿಲ ಹೊರಗೆ ಗುಪ್ಪೆಯಾಗಿ ಬಿದ್ದಿರುತ್ತವೆ, ಬಾಟಲಿಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿರುತ್ತವೆ. ಒಂದು ಸಂಜೆ ಬೀಗ ಹಾಕುವಾಗ ಗಮನಿಸಿದೆ, ಹುಡುಗರ ಬಾಟಲಿಗಳು ಖಾಲಿ, ಹುಡುಗಿಯರವು ಕುತ್ತಿಗೆಯವರೆಗೆ ತುಂಬಿದ ಹಾಗೇ ಇವೆ. ಬೆಳಿಗ್ಗೆ ಅಮ್ಮಂದಿರು ತುಂಬಿಸಿ ಕೊಟ್ಟ ನೀರನ್ನು ಸಂಜೆ ಹೋಗುವಾಗ ಬಸ್‌ಸ್ಟಾಪಿನ ಹತ್ತಿರ ಚೆಲ್ಲಿ ಮನೆಗೆ ಹೋಗುತ್ತಿದ್ದರು.

ನಾನು ಅರ್ಜಿ ಬರೆದೆ. ಎಲ್ಲ ಹುಡುಗಿಯರ ಸಹಿ ಹಾಕಿಸಿದೆ. ಮೊದಲ ಸಹಿ ನೆಮ್ಮಾರ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯದು. ತೆಳ್ಳಗೆ, ಮಾತು ಕಡಿಮೆ, ಕೀಬೋರ್ಡಿನ ಮೇಲೆ ಮಾತ್ರ ಬೆರಳು ನಿಲ್ಲುತ್ತಿರಲಿಲ್ಲ. ಬೇರೆಯವರು ಪ್ರೋಗ್ರಾಮಿನ ಮೊದಲ ಸಾಲು ಬರೆಯುವಷ್ಟರಲ್ಲಿ ಅವಳದು ಓಡಿ ಉತ್ತರ ಕೊಟ್ಟಿರುತ್ತಿತ್ತು. ಅರ್ಜಿ ಓದಿ, “ಮೇಡಂ, ‘ವಿನಂತಿ’ ಅಂತ ಯಾಕೆ ಬರ್ದಿದೀರಿ? ಇದು ಕೊಡ್ಲೇಬೇಕಾದ್ದಲ್ವಾ?” ಅಂತ ಕೇಳಿದಳು. “ಮೊದಲು ಸಹಿ ಹಾಕು ಮಾರಾಯ್ತಿ,” ಅಂದೆ ನಾನು. ಅವಳು ನಗುತ್ತಾ ಹಾಕಿದಳು.

ಮುಖ್ಯಸ್ಥರು ಅರ್ಜಿಯನ್ನು ಎರಡು ಸಲ ಓದಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಅವರು ಕೆಟ್ಟವರಲ್ಲ, ಅದೇ ಕಷ್ಟ. ಮೇಜಿನ ಡ್ರಾಯರ್ ಎಳೆದು, ಹಸಿರು ರಿಬ್ಬನ್ ಕಟ್ಟಿದ ಒಂದು ಕೀ ತೆಗೆದು ನನ್ನ ಮುಂದೆ ಇಟ್ಟರು. ಅವರ ಕೋಣೆಗೆ ಹೊಂದಿಕೊಂಡು ಒಂದು ಬಾತ್‌ರೂಮ್ ಇದೆ, ಅದರ ಬಾಗಿಲು ಪಕ್ಕದ ಓಣಿಗೂ ತೆರೆಯುತ್ತದೆ. “ನಿಮಗೆ ತೊಂದರೆ ಆಗ್ತಿದೆ ಅಂತ ಮೊದಲೇ ಹೇಳ್ಬಾರ್ದಿತ್ತಾ? ತಂಗಿ ಹಾಗೆ ನೀವು. ಇದನ್ನ ಇಟ್ಕೊಳ್ಳಿ. ಆದರೆ ಸ್ಟೂಡೆಂಟ್ಸಿಗೆ ಮಾತ್ರ ಕೊಡ್ಬೇಡಿ, ಗಲೀಜು ಮಾಡಿಬಿಡ್ತಾರೆ.”

ಬೇಡ ಅನ್ನಬೇಕಿತ್ತು. ನನಗೆ ಬಾಯಿಯಿರಲಿಲ್ಲವೇ? ಇತ್ತು, ಮನೆಯಲ್ಲಿ ಎಲ್ಲರೂ ಹೆದರುವಷ್ಟು ಇದೆ. ಆದರೆ ಆ ಹೊತ್ತಿನಲ್ಲಿ ನನಗೆ ಎಂಬತ್ತು ಮೆಟ್ಟಿಲು ಕಣ್ಣಿಗೆ ಕಟ್ಟಿತು, ಜೂನ್ ತಿಂಗಳ ಆ ಒಂದು ಸಾಲೂ ನೆನಪಾಯಿತು. ಕೀ ತೆಗೆದುಕೊಂಡು “ಥ್ಯಾಂಕ್ಸ್ ಸರ್” ಅಂದೆ. ಅರ್ಜಿಯನ್ನು ಅವರು ಫೈಲಿಗೆ ಸೇರಿಸಿದರು. ಕುಲಸಚಿವರಿಗೇ ನೇರವಾಗಿ ಕಳಿಸಬೇಕೆಂದು ಎರಡನೇ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೆ. ಅದು ಬ್ಯಾಗಿನಲ್ಲೇ ಮಡಿಕೆ ಹರಿದು ಎರಡು ತುಂಡಾಯಿತು. ನನಗೆ ತೊಂದರೆ ನಿಂತ ಮೇಲೆ ಬರೆಯುವ ಕೈಯೂ ನಿಂತಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹೋದ ವರ್ಷ ಮೇ ತಿಂಗಳಲ್ಲಿ, ಪರೀಕ್ಷೆಗೆ ಮುಂಚೆ, ಪರಿಶೀಲನಾ ಸಮಿತಿ ಬರುತ್ತದೆ ಎಂದು ತಿಳಿಯಿತು. ಮೂವರು ಸದಸ್ಯರು, ಒಬ್ಬರು ಮಹಿಳೆ. ಅವರು ತುಂಬಬೇಕಾದ ನಮೂನೆ ಮೊದಲೇ ಬಂದಿತ್ತು. ಅದರಲ್ಲಿ “ವಿಭಾಗದ ಕಟ್ಟಡದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿದೆಯೇ?” ಎಂಬ ಪ್ರಶ್ನೆ. ಮುಖ್ಯಸ್ಥರು ಒಂದು ಗಳಿಗೆ ಯೋಚಿಸಿ, “ಮೇಡಂ, ನಮ್ಮ ಬಾತ್‌ರೂಮಿಗೆ ಓಣಿ ಕಡೆಯಿಂದ ಒಂದು ಬೋರ್ಡ್ ಹಚ್ಚಿಬಿಡಿ, ಒಂದು ದಿನದ ಮಟ್ಟಿಗೆ,” ಅಂದರು.

ಸಮಿತಿ ಬರುವ ದಿನ ಬೋರ್ಡು ಅಂಟಿಸುವುದು ನಮ್ಮಲ್ಲಿ ಹೊಸದೇನಲ್ಲ. ಒಡೆದ ಬೆಂಚಿನ ಕೋಣೆಗೆ “ಸಂಶೋಧನಾ ಕೊಠಡಿ” ಅಂತ ಅಂಟಿಸುತ್ತೇವೆ, ಹಳೇ ಪೇಪರ್ ಇಟ್ಟ ಕಪಾಟಿಗೆ “ವಿಭಾಗೀಯ ಗ್ರಂಥಾಲಯ” ಅಂತ. ಸಂಜೆಗೆ ಕಿತ್ತು ಎತ್ತಿಡುತ್ತೇವೆ, ಮುಂದಿನ ಸಲಕ್ಕೆ ಬೇಕಲ್ಲ! ಅಭ್ಯಾಸವಾದ ಕೈ. ಲ್ಯಾಬಿನ ಪ್ರಿಂಟರಿನಲ್ಲಿ ದಪ್ಪ ಅಕ್ಷರದಲ್ಲಿ “ಮಹಿಳೆಯರ ಶೌಚಾಲಯ” ಎಂದು ಮುದ್ರಿಸಿ, ಗೊಂಬೆಯ ಚಿತ್ರವನ್ನೂ ಹಾಕಿ, ಓರೆಯಾಗದಂತೆ ಅಳೆದು ಅಂಟಿಸಿದೆ. ಒಳಗೆ ಫಿನಾಯಿಲ್ ಹಾಕಿ ತೊಳೆಸಿ ಬೀಗ ಹಾಕಿದೆ.

ಹತ್ತು ಗಂಟೆಗೆ ಸಮಿತಿ ಬರಬೇಕು. ಒಂದೊಂದು ಕಂಪ್ಯೂಟರಿನ ಮುಂದೆ ಒಬ್ಬೊಬ್ಬ ವಿದ್ಯಾರ್ಥಿ ಕೂತಿರಬೇಕು, ಯಾರೂ ಏಳಬಾರದು ಎಂದು ಮುಖ್ಯಸ್ಥರ ಕಟ್ಟಪ್ಪಣೆ. ಹತ್ತಾಯಿತು, ಹನ್ನೊಂದಾಯಿತು. ನಮ್ಮ ಕಡೆಗೆ ಯಾವ ಸಮಿತಿ ಬಂದರೂ ಮೊದಲು ಶೃಂಗೇರಿಗೆ ಹೋಗಿ ದರ್ಶನ, ಪ್ರಸಾದ ಮುಗಿಸಿಯೇ ಕೆಲಸಕ್ಕೆ ಬರುವುದು ವಾಡಿಕೆ. ಇದು ನಮಗೆ ಗೊತ್ತಿತ್ತು, ಆದರೂ ಮಕ್ಕಳನ್ನು ಹತ್ತಕ್ಕೇ ಕೂರಿಸಿದ್ದೆವು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟ ಮಕ್ಕಳು.

ಹನ್ನೆರಡರ ಸುಮಾರಿಗೆ ನೆಮ್ಮಾರ್ ಹುಡುಗಿ ನನ್ನ ಹತ್ತಿರ ಬಂದಳು. ಬೆಳಿಗ್ಗೆ ಬರುವಾಗ ಅವಳು ಆ ಬೋರ್ಡು ಓದಿದ್ದಳು. ಮುಖದಲ್ಲಿ ಒಂದು ಗೆಲುವಿತ್ತು. “ಮೇಡಂ, ಕೊನೆಗೂ ಕೊಟ್ರಲ್ಲ! ಬೀಗ ಹಾಕಿದೆ, ಕೀ ಕೊಡ್ತೀರಾ? ಒಂದು ಎರಡೇ ನಿಮಿಷ.”

ಕೀ ನನ್ನ ಕೈಯಲ್ಲಿತ್ತು. ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಿದ್ದೆ. “ಅದು ತೋರಿಸೋಕೆ ಮಾತ್ರ ಕಣೇ,” ಅಂದೆ. “ಈಗ ತಾನೇ ತೊಳೆಸಿದ್ದು. ಅವರು ಬಂದು ಹೋಗೋವರೆಗೆ ಸ್ವಲ್ಪ ತಡ್ಕೋ.”

ಅವಳು ಕೀಯನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ತನ್ನ ಜಾಗದಲ್ಲಿ ಕೂತಳು.

ಸಮಿತಿ ಬಂದಾಗ ಎರಡು ಗಂಟೆ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದದ ಚೀಲ. ಮಹಿಳಾ ಸದಸ್ಯರು ಬಂದವರೇ ನನ್ನನ್ನು ಕರೆದು ಮೆಲ್ಲಗೆ, “ವಾಷ್‌ರೂಮ್ ಎಲ್ಲಮ್ಮಾ?” ಅಂದರು. ನಾನು ಓಡಿ ಹೋಗಿ ಬೀಗ ತೆಗೆದೆ. ಅವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, “ತುಂಬಾ ಕ್ಲೀನಾಗಿ ಇಟ್ಟಿದ್ದೀರಿ, ಬೇರೆ ಕಡೆ ಹೀಗಿರಲ್ಲ,” ಎಂದು ನನ್ನ ಭುಜ ತಟ್ಟಿದರು. ನಾನು ನಕ್ಕೆ. ಥೂ, ಹಲ್ಲು ಬಿಟ್ಟು ನಕ್ಕೆ.

ಅವರು ಲ್ಯಾಬಿಗೆ ಬಂದು ಅರ್ಧ ಗಂಟೆ ನಿಂತರು. ಒಬ್ಬ ಸದಸ್ಯರು ನೆಮ್ಮಾರ್ ಹುಡುಗಿಗೇ ಪ್ರಶ್ನೆ ಕೇಳಿದರು; ಅವಳು ಎದ್ದು ನಿಂತು, ಮೇಜಿನ ಅಂಚು ಹಿಡಿದುಕೊಂಡು, ಬೆವರುತ್ತಾ, ಸರಿಯಾದ ಉತ್ತರ ಹೇಳಿದಳು. ಅವರು ಬಾಗಿಲು ದಾಟಿ ಮಹಡಿ ಹತ್ತಿದ ಕೂಡಲೇ ಅವಳು ಓಡಿದಳು. ಚಪ್ಪಲಿ ಗುಪ್ಪೆಯಲ್ಲಿ ತನ್ನವನ್ನು ಹುಡುಕಲೂ ನಿಲ್ಲಲಿಲ್ಲ. ನಾನು ಕೀ ಹಿಡಿದು ಹಿಂದೆಯೇ ಹೋದೆ, “ಏ, ಬಾ ಇಲ್ಲಿ, ತೆಗೀತೀನಿ” ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಹಳೆಯ ಕಟ್ಟಡಕ್ಕೆ ಇಳಿಯುವ ಮೆಟ್ಟಿಲುಗಳ ಅರ್ಧದಲ್ಲಿ ಅವಳು ನಿಂತಳು, ಆಮೇಲೆ ಅಲ್ಲೇ ಕೂತುಬಿಟ್ಟಳು. ವೇಲನ್ನು ತೊಡೆಯ ಮೇಲೆ ಹರಡಿಕೊಂಡಳು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಒದ್ದೆ ಇಳಿಯುತ್ತಿತ್ತು. ಗಾಜಿನ ಕಿಟಕಿಯ ಹಿಂದೆ ಇಡೀ ತರಗತಿ ನಿಂತಿತ್ತು. ಎಷ್ಟು ಚೆನ್ನಾದ ಗಾಜು ಅದು, ಎಲ್ಲವೂ ಕಾಣುತ್ತದೆ.

ನಾನು ಹತ್ತಿರ ಹೋಗುವಷ್ಟರಲ್ಲಿ ಎದ್ದು ಇಳಿದು ಹೋದಳು. ಮತ್ತೆ ಬರಲಿಲ್ಲ. ಪರೀಕ್ಷೆಯನ್ನೂ ಬರೆಯಲಿಲ್ಲ. ಫೋನ್ ಎತ್ತಲಿಲ್ಲ. ಅವಳ ಚಪ್ಪಲಿ ಎರಡು ವಾರ ಲ್ಯಾಬಿನ ಬಾಗಿಲಲ್ಲೇ ಇತ್ತು. ಎಲ್ಲರೂ ಸಂಜೆ ತಮ್ಮ ತಮ್ಮದು ಹಾಕಿಕೊಂಡು ಹೋದ ಮೇಲೆ ಅದೊಂದೇ ಜೊತೆ ಉಳಿಯುತ್ತಿತ್ತು. ಕಡೆಗೆ ನಾನು ಅದನ್ನು ಒಂದು ಕವರಿಗೆ ಹಾಕಿಕೊಂಡು ಒಂದು ಭಾನುವಾರ ನೆಮ್ಮಾರ್‌ಗೆ ಹೊರಟೆ.

ಎರಡು ಬಸ್ಸು ಬದಲಿಸಿ, ಕಾಡಿನ ದಾರಿಯಲ್ಲಿ ಒಂದು ಮೈಲಿ ನಡೆದು ಅವರ ಮನೆ ಮುಟ್ಟಿದಾಗ ಮಧ್ಯಾಹ್ನ. ಅವಳಿಗೆ ಪಾಠ ಮಾಡುವವಳು ಎಂದು ನಾನು ಹೊರಗಿನಿಂದಲೇ ಹೇಳಿದಾಗ ಅವಳ ತಾಯಿ ಅಂಗಳಕ್ಕೇ ಓಡಿ ಬಂದರು. “ಅಯ್ಯೋ ಮೇಡಮ್ರೇ, ಎಂತಕ್ಕೆ ಇಷ್ಟು ದೂರ ಬಂದ್ರಿ? ಬನ್ನಿ, ಕೂತ್ಕಳಿ. ನೀವೇ ಒಂದು ಮಾತು ಹೇಳಿ ಇವ್ಳಿಗೆ. ಓದಿದ್ದು ಸಾಕು ಅಂತಾಳೆ, ಎಂತ ಆಯ್ತು ಕೇಳಿದ್ರೆ ಬಾಯೇ ಬಿಡೂದಿಲ್ಲ.” ಮಗಳು ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ. ನನ್ನ ಹೆಸರು ಹೇಳಿರಲಿಲ್ಲ, ಕೀಯ ವಿಷಯ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಅವಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಕವರು ಕೊಟ್ಟೆ. ಬಿಚ್ಚಿ ನೋಡಿ, ಚಪ್ಪಲಿಯನ್ನು ಜಗಲಿಯ ಕೆಳಗೆ ಜೋಡಿಸಿ ಇಟ್ಟಳು. “ಮುಂದಿನ ತಿಂಗಳು ಬಾ, ನಾನು ಎಲ್ಲ ಸರಿಮಾಡಿಸ್ತೀನಿ, ಪರೀಕ್ಷೆ ಮತ್ತೆ ಕಟ್ಟಬಹುದು,” ಎಂದು ನಾನು ಏನೇನೋ ಹೇಳಿದೆ.

ತಾಯಿ ಕಾಫಿಗೆ ನೀರಿಡಲು ಹೊರಟವರು ತಿರುಗಿ ನಿಂತು, “ಅಷ್ಟು ದೂರದಿಂದ ಬಂದಿದೀರಿ, ಮೊದ್ಲು ಹಿಂದೆ ಹೋಗಿ ಬನ್ನಿ ಮೇಡಮ್ರೇ. ಸಂಕೋಚ ಮಾಡ್ಕಬೇಡಿ. ಹೋಗೇ, ಮೇಡಮ್ರಿಗೆ ತೋರ್ಸು,” ಅಂದರು. ನನಗೆ ಬೆಳಿಗ್ಗೆಯಿಂದ ತಡೆದುಕೊಂಡು ಹೊಟ್ಟೆ ಬಿಗಿದಿತ್ತು, ಬೇಡ ಎನ್ನಲು ಆಗಲಿಲ್ಲ.

ಹುಡುಗಿ ಮುಂದೆ ಹೋದಳು. ಕೊಟ್ಟಿಗೆಯ ಆಚೆ ಒಂದು ಸಣ್ಣ ಕೋಣೆ, ತಗಡಿನ ಮಾಡು, ಮರದ ಬಾಗಿಲು. ಅವಳೇ ಬಕೆಟ್ಟಿಗೆ ನೀರು ತುಂಬಿ ತಂದಿಟ್ಟಳು. ನಾನು ಬಾಗಿಲ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದೆ.

“ಬೀಗ ಇಲ್ಲ ಮೇಡಂ,” ಅಂದಳು. “ತಳ್ಳಿದ್ರೆ ಸಾಕು.”

ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ದನಿ ಮಾಮೂಲಾಗಿಯೇ ಇತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಬಕೆಟ್ಟಿಗೆ ಮಗ್ಗು ಬಡಿದು ಸದ್ದು ಮಾಡುತ್ತಾ ಅತ್ತೆ.

ಬಸ್ಸಿನಲ್ಲಿ ಬರುವಾಗ ನಿರ್ಧಾರ ಮಾಡಿದೆ. ನಾಳೆಯೇ ಲ್ಯಾಬಿನ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ಆ ಕೀ ನೇತುಹಾಕುವುದು, ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗಲಿ, ಮುಖ್ಯಸ್ಥರು ಏನು ಬೇಕಾದರೂ ಅಂದುಕೊಳ್ಳಲಿ. ಸೋಮವಾರ ಬೇಗ ಹೋಗಿ ಕಲ್ಲಿನಲ್ಲಿ ಕುಟ್ಟಿ ಮೊಳೆ ಹೊಡೆದೆ. ಹೊಡೆದು ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಮುಖ್ಯಸ್ಥರು ಕಾರಿಡಾರಿನಲ್ಲಿ ಬಂದರು. “ಮೇಡಂ, ಜೂನ್ ಬಂತಲ್ಲ, ನಿಮ್ಮ ಪತ್ರ ಟೈಪ್ ಮಾಡಿ ತನ್ನಿ, ಸಹಿ ಹಾಕಿಬಿಡ್ತೀನಿ,” ಅಂದರು. ನಾನು ಬ್ಯಾಗಿನಿಂದ ಕೈ ತೆಗೆದೆ.

ಮೊಳೆ ಇನ್ನೂ ಅಲ್ಲೇ ಇದೆ. ಮಳೆಗಾಲದಲ್ಲಿ ಹುಡುಗಿಯರು ಅದಕ್ಕೆ ಕೊಡೆ ಸಿಕ್ಕಿಸುತ್ತಾರೆ. ಕೀ ನನ್ನ ಬ್ಯಾಗಿನಲ್ಲಿದೆ, ದಿನಕ್ಕೆ ಎರಡು ಸಲ ಉಪಯೋಗಿಸುತ್ತೇನೆ. ಸಂಜೆ ಲ್ಯಾಬಿಗೆ ಬೀಗ ಹಾಕುವಾಗ ಕಿಟಕಿಯ ಕಟ್ಟೆಯ ಮೇಲಿನ ಬಾಟಲಿಗಳ ಕಡೆ ನೋಡುವುದನ್ನು ಬಿಟ್ಟಿದ್ದೇನೆ.